ಎಣ್ಣೆಯಲ್ಲಿ ಕಾಡು ಕಾಣುವುದಿಲ್ಲ

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತಾ ಎರಡು ಸಾಲು ಸೇರಿಸಿದ್ದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಸರಕನ್ನು ಒಳಗೆ ಬಿಡುವುದಿಲ್ಲವೆಂದು ಯುರೋಪಿಯನ್ ಒಕ್ಕೂಟ ಕಾನೂನು ಮಾಡಿದೆ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ (ಪಾಮ್ ಎಣ್ಣೆ, ಪಾಮೋಲಿನ್ ಆಗುವುದು ಅದೇ) ತರಿಸಿಕೊಳ್ಳುವ ನಾವು ಮಾತ್ರ ಮಾರುವವನನ್ನು ಏನೂ ಕೇಳುವುದಿಲ್ಲ, ಎಂದು. ಆ ಎರಡು ಸಾಲಿಗೆ ಬಂದಷ್ಟು ಕಾಗದ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಕೆಲವು ಬೈಗುಳ, ಕೆಲವು ಒಳ್ಳೆಯ ಪ್ರಶ್ನೆ, ಒಂದೆರಡು ಎರಡೂ. ಹಾಗಾಗಿ ಈ ಸಲ ಬೇರೆ ವಿಷಯವಿಲ್ಲ. ಹೊಸದಾಗಿ ಓದುವವರಿಗೆ: ನಾನು ಬಂದರಿನ ಕಸ್ಟಮ್ಸ್ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದವಳು. ನಿವೃತ್ತಿಯ ನಂತರ ತುಮಕೂರಿಗೆ ಬಂದು ಎಸ್.ಎಸ್. ಪುರಂನಲ್ಲಿದ್ದೇನೆ. ಹಡಗಿನಲ್ಲಿ ಬಂದ ಎಣ್ಣೆಯ ಸ್ಯಾಂಪಲ್ ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು.

ಪ್ರ: ಮಧುಗಿರಿ ಬಸ್ ಸ್ಟ್ಯಾಂಡ್ ಹತ್ರ ಬೋಂಡಾ ಅಂಗಡಿ ಇಟ್ಟಿದ್ದೀನಿ ಮೇಡಂ. ಪಾಮೋಲಿನ್ ಟಿನ್ ಮೇಲೆ ಲೈಸೆನ್ಸ್ ನಂಬರು, ಸೀಲು ಎಲ್ಲಾ ಇರುತ್ತೆ. ಸರ್ಕಾರನೇ ಪಾಸ್ ಮಾಡಿರೋ ಎಣ್ಣೆ. ಯಾವುದೋ ದೇಶದ ಕಾಡಿಗೂ ನನ್ನ ಬಾಂಡ್ಲಿಗೂ ಯಾಕೆ ಗಂಟು ಹಾಕ್ತೀರಿ?
— ಒಬ್ಬ ಅಂಗಡಿಯವರು, ಮಧುಗಿರಿ

ಉ: ಆ "ಪಾಸ್" ಬರೆಯುತ್ತಿದ್ದವರಲ್ಲಿ ನಾನೂ ಒಬ್ಬಳು ಸ್ವಾಮಿ. ಅದರೊಳಗೆ ಏನಿರುತ್ತದೆ ಕೇಳಿ. ಹಡಗು ಬಂದಾಗ ಅರಗಿನ ಮುದ್ರೆ ಹಾಕಿದ ಬಾಟಲಿಗಳಲ್ಲಿ ಎಣ್ಣೆ ಪ್ರಯೋಗಾಲಯಕ್ಕೆ ಬರುತ್ತದೆ. ಕಚ್ಚಾ ತಾಳೆ ಎಣ್ಣೆಯದು ಕಿತ್ತಳೆಗೆಂಪು ಬಣ್ಣ. ನಾವು ಮುಖ್ಯವಾಗಿ ನೋಡುತ್ತಿದ್ದುದು ಎರಡು: ಆಮ್ಲದ ಪ್ರಮಾಣ ಶೇಕಡಾ 2 ಅಥವಾ ಅದಕ್ಕೂ ಮೇಲಿದೆಯೇ, ಆ ಕೆಂಪು ಕೊಡುವ ಕ್ಯಾರೊಟಿನಾಯ್ಡ್ ಕಿಲೋಗೆ 500ರಿಂದ 2500 ಮಿಲಿಗ್ರಾಂ ಒಳಗಿದೆಯೇ. ಆಮ್ಲ ಅಳೆಯಲು ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಬಿಡುತ್ತಾ ತಿಳಿ ಗುಲಾಬಿ ನಿಲ್ಲುವವರೆಗೆ ಕಾಯಬೇಕು. ಎಣ್ಣೆಯೇ ಕೆಂಪಾಗಿರುವಾಗ ಗುಲಾಬಿ ಬಂತೋ ಇಲ್ಲವೋ ಎಂದು ಹೇಳಲು ಕಣ್ಣು ಪಳಗಿರಬೇಕು. ಇಷ್ಟೆಲ್ಲ ಯಾಕೆ? ಕಚ್ಚಾ ಎಣ್ಣೆಗೆ ಸುಂಕ ಕಡಿಮೆ, ರಿಫೈನ್ಡ್ ಎಣ್ಣೆಗೆ ಜಾಸ್ತಿ. ಅದನ್ನು ಇದು ಎಂದು ಹೇಳಿ ಯಾರೂ ಸುಂಕ ತಪ್ಪಿಸಬಾರದು, ಅಷ್ಟೇ. ಆಹಾರ ಸುರಕ್ಷತೆಯವರು ಕಲಬೆರಕೆ, ಕಮಟು ನೋಡುತ್ತಾರೆ. ನಿಮ್ಮ ಟಿನ್ನಿನ ಸೀಲು ಹೇಳುವುದೂ ಅಷ್ಟನ್ನೇ: ಸುಂಕ ಕಟ್ಟಿದೆ, ತಿನ್ನಬಹುದು.

ಆ ಎಣ್ಣೆ ಬಂದ ತಾಳೆ ಗೊನೆ ಮೂವತ್ತು ವರ್ಷದ ಹಳೆಯ ತೋಟದ್ದೋ, ಮೊನ್ನೆ ಬೆಂಕಿ ಹಚ್ಚಿ ಬೋಳು ಮಾಡಿದ ಜೌಗು ನೆಲದ್ದೋ ಎಂದು ಕೇಳುವ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಎರಡೂ ಎಣ್ಣೆಯ ಕೊಬ್ಬಿನಾಮ್ಲಗಳು ಒಂದೇ, ಬಣ್ಣವೂ ಒಂದೇ. ಮರದ ದಿಮ್ಮಿಯಾದರೆ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ನೋಡಿ ಯಾವ ಸೀಮೆಯದೆಂದು ಒಂದು ಮಟ್ಟಿಗೆ ಹೇಳುವ ವಿದ್ಯೆ ಬಂದಿದೆ. ಸಾವಿರಾರು ತೋಟದ ಎಣ್ಣೆ ಕಲೆತ ಮೇಲೆ ಅದೂ ನಡೆಯುವುದಿಲ್ಲ. ಕಲೆಯುವುದಂತೂ ಬಹಳ ಬೇಗ. ತಾಳೆ ಗೊನೆ ಕೊಯ್ದ ಮೇಲೆ ಒಂದೆರಡು ದಿನದೊಳಗೆ ಗಿರಣಿ ಸೇರಬೇಕು, ತಡವಾದಷ್ಟೂ ಆಮ್ಲ ಏರುತ್ತದೆ. ಗಿರಣಿಯವನು ತನ್ನ ತೋಟದ ಗೊನೆ, ಸುತ್ತಲಿನ ಸಣ್ಣ ರೈತರ ಗೊನೆ, ದಲ್ಲಾಳಿ ಲಾರಿಯಲ್ಲಿ ತಂದ ಗೊನೆ ಎಲ್ಲವನ್ನೂ ಒಟ್ಟಿಗೆ ಅರೆಯುತ್ತಾನೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ರಿಯಾವು ಪ್ರಾಂತ್ಯದಲ್ಲಿ ತೆಸ್ಸೊ ನೀಲೊ ಎಂಬ ರಾಷ್ಟ್ರೀಯ ಉದ್ಯಾನವಿದೆ, ಆನೆಗಳ ಕಾಡು. ಅದರೊಳಗೇ ಅಕ್ರಮವಾಗಿ ತಾಳೆ ನೆಟ್ಟು, ಆ ಗೊನೆ ಹೊರಗಿನ ಗಿರಣಿಗೆ ಹೋಗಿ ಸಕ್ರಮ ಎಣ್ಣೆಯಾಗಿ ಹೊರಬಿದ್ದದ್ದು ಹತ್ತು ವರ್ಷಕ್ಕೂ ಹಿಂದೆಯೇ ಬೆಳಕಿಗೆ ಬಂತು. ಅಲ್ಲಿಂದ ದುಮೈ ಬಂದರಿನ ಟ್ಯಾಂಕು, ಹಡಗು, ನಮ್ಮ ಬಂದರಿನ ಟ್ಯಾಂಕು, ರಿಫೈನರಿ, ಕೊನೆಗೆ ನಿಮ್ಮ ಟಿನ್ನು.

ನಮ್ಮ ಹಳ್ಳಿಯ ಡೇರಿಯಲ್ಲಿ ಏನು ಮಾಡುತ್ತಾರೆ? ಒಬ್ಬೊಬ್ಬರ ಹಾಲಿನ ಡಿಗ್ರಿ, ಫ್ಯಾಟು ನೋಡಿ, ಪುಸ್ತಕದಲ್ಲಿ ಬರೆದು, ಆಮೇಲೆ ಕ್ಯಾನಿಗೆ ಸುರಿಯುತ್ತಾರೆ. ಸುರಿದ ಮೇಲೆ ಯಾರ ಹಾಲಿಗೆ ನೀರು ಬಿದ್ದಿತ್ತೆಂದು ಬ್ರಹ್ಮನೂ ಹೇಳಲಾರ. ತಾಳೆ ಎಣ್ಣೆಯ ಲೆಕ್ಕವೂ ಗಿರಣಿಯ ಗೇಟಿನಲ್ಲೇ ಆಗಬೇಕು. ಬಂದರಿನಲ್ಲಿ ಕುಳಿತ ನನ್ನಂಥವಳ ಕೈಯಲ್ಲಿ ಏನೂ ಇಲ್ಲ, ನಿಮ್ಮ ಬಾಂಡ್ಲಿಯಲ್ಲಂತೂ ಏನೂ ಇಲ್ಲ. ನೀವು ಬೋಂಡಾ ಕರಿಯಿರಿ. ಕೇಳಬೇಕಾದ್ದು ಸರ್ಕಾರ.

ಪ್ರ: ಯುರೋಪಿನ ಕಾನೂನು ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅದನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ನಿಜವಾಗಿ ನೋಡುವವರು ಯಾರು? ಬ್ರೆಜಿಲ್‌ನ ಹೊಲಕ್ಕೆ ಜರ್ಮನಿಯ ಇನ್ಸ್‌ಪೆಕ್ಟರ್ ಹೋಗುತ್ತಾನೆಯೇ?
— ಎಂ.ಎ. ವಿದ್ಯಾರ್ಥಿನಿ, ತುಮಕೂರು

ಉ: ಹೋಗುವುದಿಲ್ಲಮ್ಮ. ಆಮದು ಮಾಡಿಕೊಳ್ಳುವವನ ಮೇಲೇ ಭಾರ ಹಾಕಿರುವುದು ಅದರ ಜಾಣತನ. 2023ರ ಜೂನ್‌ನಲ್ಲಿ ಬಂದ ಕಾನೂನು ಅದು. ಏಳು ಸರಕು: ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ. ಅವುಗಳಿಂದ ಆದ ಚಾಕೊಲೇಟು, ಟೈರು, ಪೀಠೋಪಕರಣ ಮುಂತಾದವೂ ಸೇರುತ್ತವೆ. ತರಿಸುವ ಕಂಪನಿ ಸರಕು ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶ ಕೊಡಬೇಕು, ದಶಮಾಂಶದ ಆರು ಸ್ಥಾನದವರೆಗೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಮೀನಾದರೆ ಒಂದು ಚುಕ್ಕಿ ಸಾಲದು, ಸುತ್ತಳತೆಯ ಗೆರೆಯೇ ಬೇಕು. ಕಾಡು ಕಡಿದಿಲ್ಲ ಎಂಬುದರ ಜೊತೆಗೆ, ಬೆಳೆದ ದೇಶದ ಕಾನೂನನ್ನೂ ಮುರಿದಿಲ್ಲ ಎಂದು ಬರೆದುಕೊಡಬೇಕು. ಅಧಿಕಾರಿಗಳು ಆ ಚುಕ್ಕಿಯನ್ನು ಉಪಗ್ರಹದ ಹಳೆಯ ಚಿತ್ರದ ಮೇಲಿಟ್ಟು ನೋಡಬಹುದು. ಸುಳ್ಳೆಂದು ಸಿಕ್ಕಿಬಿದ್ದರೆ, ಒಕ್ಕೂಟದೊಳಗಿನ ವಾರ್ಷಿಕ ವಹಿವಾಟಿನ ಶೇಕಡಾ 4ಕ್ಕೆ ಕಡಿಮೆಯಿಲ್ಲದ ಗರಿಷ್ಠ ದಂಡವನ್ನು ಪ್ರತಿ ದೇಶವೂ ಇಟ್ಟಿರಬೇಕು. ಕಂಪನಿಗೆ ಅದು ನೋಯುವಂಥ ಮೊತ್ತವೇ.

ಇದಕ್ಕೆ ಮುಂಚೆ ಬಂದ ಕಾನೂನುಗಳು ಇಷ್ಟು ದೂರ ಹೋಗಿರಲಿಲ್ಲ. ಅಮೆರಿಕದವರು ಕಳ್ಳಬೇಟೆಯ ಪ್ರಾಣಿಗಳ ವ್ಯಾಪಾರ ತಡೆಯುವ 1900ರ ಲೇಸಿ ಕಾಯ್ದೆಯನ್ನು 2008ರಲ್ಲಿ ಮರಕ್ಕೂ ವಿಸ್ತರಿಸಿದರು. ಕದ್ದ ಮರ ತಂದರೆ ಅಪರಾಧ, ಸರಿ. ಆದರೆ ಸೋಯಾಗೆ, ತಾಳೆಗೆ ಅದು ಅನ್ವಯಿಸಲಿಲ್ಲ. 2021ರಲ್ಲಿ ಅದಕ್ಕೊಂದು ಮಸೂದೆ ತಂದರು, ಪಾಸಾಗಲಿಲ್ಲ. ಬ್ರಿಟನ್ನಿನವರು 2021ರ ಪರಿಸರ ಕಾಯ್ದೆಯಲ್ಲಿ "ಅಕ್ರಮವಾಗಿ" ಕಡಿದ ನೆಲದ ಸರಕು ಬೇಡ ಎಂದರು. ಕಡಿಯಲು ಅಲ್ಲಿನ ಸರ್ಕಾರವೇ ಪರವಾನಗಿ ಕೊಟ್ಟಿದ್ದರೆ? ಆಗ ಸರಿ ಎಂದರ್ಥ. ನನ್ನ ಮಟ್ಟಿಗೆ ಇದು ದೊಡ್ಡ ಕಿಂಡಿ. ಸಕ್ರಮವಾಗಿ ಸುಟ್ಟ ಕಾಡಿನ ಹೊಗೆ ಬೇರೆ ಬಣ್ಣದ್ದಲ್ಲ.

ಇನ್ನು ಯುರೋಪಿನ ಕಾನೂನಿನ ಹುಳುಕು. ಮೊದಲನೆಯದಾಗಿ, ಮುಂದೂಡಿಕೆ. 2024ರ ಡಿಸೆಂಬರ್ 30ಕ್ಕೆ ಜಾರಿ ಎಂದಿದ್ದರು. ಒಂದು ವರ್ಷ ಮುಂದೆ ಹೋಯಿತು. ಆ ವರ್ಷ ಮುಗಿಯುತ್ತಾ ಬಂದಾಗ ಕಂಪ್ಯೂಟರ್ ವ್ಯವಸ್ಥೆ ಭಾರ ತಡೆಯುವುದಿಲ್ಲ ಎಂದು ಇನ್ನೊಂದು ವರ್ಷ ಹೋಯಿತು: ದೊಡ್ಡವರಿಗೆ 2026ರ ಡಿಸೆಂಬರ್ 30, ತೀರಾ ಸಣ್ಣವರಿಗೆ 2027ರ ಜೂನ್ 30. ಮೊದಲ ಗಡುವಿಗೇ ಹೊಂದುವಂತೆ ದುಡ್ಡು ಸುರಿದು ತಯಾರಾದವನು ಪೆದ್ದನಾದ, ಸುಮ್ಮನೆ ಕಾದವನು ಜಾಣನಾದ. ಸರ್ಕಾರಿ ನೀತಿ ಮಾಡಬಹುದಾದ ಕೇಡು ಇದಕ್ಕಿಂತ ಇನ್ನೇನಿದೆ? ಇನ್ನೊಂದು, ದೇಶಗಳಿಗೆ ಕೊಟ್ಟ ದರ್ಜೆ. 2025ರ ಮೇ ತಿಂಗಳಲ್ಲಿ ಪಟ್ಟಿ ಹೊರಬಿತ್ತು. "ಹೆಚ್ಚು ಅಪಾಯ"ದ ದೇಶಗಳು ನಾಲ್ಕೇ: ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಉಷ್ಣವಲಯದ ಕಾಡು ಅಪಾರವಾಗಿ ಕಳೆದುಕೊಂಡ ಬ್ರೆಜಿಲ್, ಇಂಡೋನೇಷ್ಯಾ ಮಧ್ಯದ ದರ್ಜೆಯಲ್ಲಿವೆ. ಕಾಡು ನೋಡಿ ಮಾಡಿದ ಪಟ್ಟಿಯೋ, ಜಗಳ ನೋಡಿ ಮಾಡಿದ್ದೋ ನೀನೇ ಯೋಚಿಸು. ಭಾರತ "ಕಡಿಮೆ ಅಪಾಯ"ದಲ್ಲಿದೆ. ಕಡಿಮೆ ದರ್ಜೆಯ ದೇಶದಿಂದ ತರಿಸುವವರಲ್ಲಿ ವರ್ಷಕ್ಕೆ ಶೇಕಡಾ 1, ಮಧ್ಯದವರಲ್ಲಿ 3, ಹೆಚ್ಚಿನದರಲ್ಲಿ 9 ಮಂದಿಯನ್ನು ತಪಾಸಣೆ ಮಾಡಬೇಕು.

ಪ್ರ: ತಮ್ಮ ಕಾಡನ್ನೆಲ್ಲ ಕಡಿದು, ನಮ್ಮದನ್ನೂ ಹಡಗಿನಲ್ಲಿ ಸಾಗಿಸಿದವರು ಈಗ ಬಡ ದೇಶಗಳಿಗೆ ಪಾಠ ಹೇಳುವುದೇ? ನಾಚಿಕೆಯಾಗಬೇಡವೇ?
— ನಿವೃತ್ತ ಉಪಾಧ್ಯಾಯರು, ಕೊರಟಗೆರೆ

ಉ: ಆಗಬೇಕು ಮೇಷ್ಟ್ರೇ. ಇಂಡೋನೇಷ್ಯಾ, ಮಲೇಷ್ಯಾದವರೂ ಇದನ್ನೇ ಹೇಳುತ್ತಾರೆ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಕಾಡಿನ ನಾಶ ನಿಲ್ಲಿಸುತ್ತೇವೆಂದು ಸಹಿ ಹಾಕಿದಾಗ ನಮ್ಮ ಸರ್ಕಾರ ಹಾಕಲಿಲ್ಲ. ವ್ಯಾಪಾರದ ಮಾತು ಅದರೊಳಗೆ ತುರುಕಿದ್ದಾರೆ ಎಂಬುದು ನಮ್ಮ ತಕರಾರು. ತಕರಾರು ಸುಳ್ಳಲ್ಲ. ಆದರೆ ಸಿಟ್ಟಿಗೆ ನಿಜವಾದ ಕಾರಣ ಬೇರೆ ಕಡೆ ಇದೆ ಅನ್ನಿಸುತ್ತದೆ ನನಗೆ. ಇಂಡೋನೇಷ್ಯಾದ ತಾಳೆ ತೋಟದಲ್ಲಿ ಸುಮಾರು ಶೇಕಡಾ 40 ಸಣ್ಣ ರೈತರದು. ಅಕ್ಷಾಂಶ ಅಳೆಯುವ ಖರ್ಚು, ಹಕ್ಕುಪತ್ರ ಸರಿಪಡಿಸುವ ಓಡಾಟ, ಇದು ಯಾರದು? ಕಾನೂನು ಆಮದುದಾರನ ಮೇಲೆ ಹಾಕಿತು, ಅವನು ಗಿರಣಿಯ ಮೇಲೆ ಹಾಕಿದ, ಗಿರಣಿಯವನು "ಕಾಗದ ಇಲ್ಲದವನ ಗೊನೆ ಬೇಡ" ಎಂದ. ಎರಡು ಎಕರೆಯವನು ಗೊನೆಯನ್ನು ದಲ್ಲಾಳಿಗೆ ಕಡಿಮೆ ಬೆಲೆಗೆ ಕೊಟ್ಟು ಮನೆಗೆ ಹೋದ. ಹಾಗೆ ಕೈಬಿಟ್ಟ ಎಣ್ಣೆಯನ್ನು ಜಗತ್ತಿನಲ್ಲಿ ಕೊಳ್ಳುವವರು ಯಾರು? ಏನೂ ಕೇಳದ ದೇಶದವರು. ಅಂದರೆ ನಾವು. ಯುರೋಪಿನವರ ನಾಚಿಕೆ ಅವರಿಗಿರಲಿ, ಇದಕ್ಕೆ ನಮ್ಮ ಉತ್ತರವೇನು ಎಂಬುದೇ ನನ್ನ ತಲೆಬಿಸಿ.

ಪ್ರ: ಪಾಮ್ ಎಣ್ಣೆಗೆ ನೂರಕ್ಕೆ ನೂರು ಸುಂಕ ಹಾಕಿಬಿಡಲಿ. ನಮ್ಮ ತೆಂಗೂ ಉಳೀತು, ಅವರ ಕಾಡೂ ಉಳೀತು. ಒಂದೇ ಏಟಿಗೆ ಎರಡು ಕೆಲಸ. ಸರಿಯಾ ಅಕ್ಕಾ?
— ತೆಂಗು ಬೆಳೆಗಾರ, ತಿಪಟೂರು

ಉ: ತಿಪಟೂರಿನವರ ಬಾಯಲ್ಲಿ ಈ ಮಾತು ಬರದಿದ್ದರೆ ಆಶ್ಚರ್ಯವಾಗುತ್ತಿತ್ತು ತಮ್ಮಾ. ಮೊದಲು ತೆಂಗಿನ ಮಾತು: ನಿಮ್ಮ ಆರ್‌ಎಂಸಿ ಯಾರ್ಡಿನ ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದು ತಿನ್ನುವುದಕ್ಕೆ, ಸಿಹಿತಿಂಡಿಗೆ, ಹಬ್ಬಕ್ಕೆ, ಎಣ್ಣೆ ಮಿಲ್ಲಿಗಲ್ಲ. ಹಾಗಾಗಿ ತಾಳೆ ಎಣ್ಣೆಯ ಏಟು ಕೇರಳದ ಮಿಲ್ಲಿಂಗ್ ಕೊಬ್ಬರಿಗೆ ಬಿದ್ದಷ್ಟು ನೇರವಾಗಿ ನಿಮಗೆ ಬೀಳುವುದಿಲ್ಲ. ಪಾವಗಡ, ಶಿರಾದ ಕಡಲೆಕಾಯಿಗೆ ಬೀಳುತ್ತದೆ.

ಸುಂಕ ಏರಿಸಿಯೂ ಆಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯತೈಲದ ಮೂಲ ಸುಂಕವನ್ನು ಸೊನ್ನೆಯಿಂದ ಶೇಕಡಾ 20ಕ್ಕೆ ಏರಿಸಿದರು. ಅಡುಗೆಮನೆ ಕೂಗಿಕೊಂಡಿತು. 2025ರ ಮೇ ಕೊನೆಯಲ್ಲಿ 10ಕ್ಕೆ ಇಳಿಸಿದರು. ಈ ಏರಿಳಿತದಲ್ಲಿ ರೈತನ ಹೆಸರಿದೆ, ಬೆಲೆಯೇರಿಕೆಯ ಹೆಸರಿದೆ, ರಿಫೈನರಿಗಳ ಹೆಸರಿದೆ. ಕಾಡಿನ ಹೆಸರು ಒಂದು ಅಧಿಸೂಚನೆಯಲ್ಲೂ ಇಲ್ಲ. ಒಂದೇ ದರದ ಸುಂಕಕ್ಕೆ ಕಣ್ಣಿಲ್ಲ ತಮ್ಮಾ. ಹಳೆಯ ತೋಟದ ಎಣ್ಣೆಗೂ ಅಷ್ಟೇ, ಕಾಡು ಸುಟ್ಟು ತೆಗೆದ ಎಣ್ಣೆಗೂ ಅಷ್ಟೇ. ಇನ್ನು ಸುಂಕ ತೀರಾ ಏರಿದರೆ ಎಣ್ಣೆ ಬೇರೆ ದಾರಿ ಹುಡುಕುತ್ತದೆ. ಒಂದು ಕಾಲಕ್ಕೆ ನೇಪಾಳದಿಂದ ಸುಂಕವಿಲ್ಲದ ತಾಳೆ ಎಣ್ಣೆ ನಮಗೆ ಧಾರಾಳವಾಗಿ ಬರತೊಡಗಿತು. 2019–20ರಲ್ಲಂತೂ ನೇಪಾಳದ ಅತಿ ದೊಡ್ಡ ರಫ್ತೇ ತಾಳೆ ಎಣ್ಣೆಯಾಗಿತ್ತು. ಹಿಮಾಲಯದಲ್ಲಿ ತಾಳೆ ತೋಟ ಎಲ್ಲಿದೆ ಎಂದು ಕೇಳಬೇಡಿ.

ಸುಂಕವನ್ನು ಕಣ್ಣಿಟ್ಟು ಹಾಕಿದವರು ಸ್ವಿಟ್ಜರ್‌ಲೆಂಡಿನವರು. ಇಂಡೋನೇಷ್ಯಾದ ಜೊತೆ ಮಾಡಿದ ಒಪ್ಪಂದದಲ್ಲಿ, ಕಾಡು ಕಡಿಯದೆ ಬೆಳೆದದ್ದೆಂದು ಪ್ರಮಾಣಪತ್ರವಿರುವ ತಾಳೆ ಎಣ್ಣೆಗೆ ಮಾತ್ರ ಸುಂಕದಲ್ಲಿ ರಿಯಾಯಿತಿ. 2021ರ ಮಾರ್ಚ್‌ನಲ್ಲಿ ಆ ಒಪ್ಪಂದ ಜನಮತಕ್ಕೆ ಹೋಗಿ ಅಲ್ಪ ಅಂತರದಲ್ಲಿ ಗೆದ್ದಿತು. ಅದರ ನಿಯಮದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಣ್ಣ ಷರತ್ತಿದೆ: ರಿಯಾಯಿತಿ ಬೇಕಾದರೆ ಎಣ್ಣೆ 22 ಟನ್ನಿಗಿಂತ ದೊಡ್ಡದಲ್ಲದ ಟ್ಯಾಂಕಿನಲ್ಲಿ ಬರಬೇಕು. ಹಡಗಿನ ಹೊಟ್ಟೆಗೆ ಸುರಿದು ಎಲ್ಲ ಕಲೆಸಿಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂದು ಗೊತ್ತಿದ್ದ ಯಾರೋ ಬರೆದ ಷರತ್ತು ಅದು. ಬಾಟಲಿ ಹಿಡಿದು ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಪ್ರ: ಮನೆ ಕಟ್ಟಿಸುವವರೆಲ್ಲ ಬಾಗಿಲು ಚೌಕಟ್ಟಿಗೆ ಮಲೇಷಿಯಾ ಸಾಲ್ ಕೇಳುತ್ತಾರೆ. ನಮ್ಮ ಕಾಡಿನ ಮರ ಮುಟ್ಟುತ್ತಿಲ್ಲವಲ್ಲ, ಇದು ಪರಿಸರಕ್ಕೆ ಒಳ್ಳೆಯದೇ ತಾನೇ?
— ಟಿಂಬರ್ ಡಿಪೋ ಮಾಲೀಕರು, ಶಿರಾ

ಉ: ಯಾರ ಪರಿಸರಕ್ಕೆ? 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ನಿಮ್ಮ ವ್ಯಾಪಾರದ ಹಿರಿಯರಿಗೆ ನೆನಪಿರಬೇಕು. ಕಾಡಿನಲ್ಲಿ ಅನುಮತಿಯಿಲ್ಲದ ಕಡಿತ ನಿಂತಿತು, ಈಶಾನ್ಯದಲ್ಲಿ ಸಾಮಿಲ್ಲುಗಳೇ ಮುಚ್ಚಿದವು. ನಮ್ಮ ಕಾಡಿಗೆ ಅದು ದೊಡ್ಡ ಉಪಕಾರ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾವು ಬಾಗಿಲು ಇಡುವುದನ್ನು ಬಿಡಲಿಲ್ಲವಲ್ಲ. ದಿಮ್ಮಿ ಮಲೇಷ್ಯಾದಿಂದ, ಮ್ಯಾನ್ಮಾರ್‌ನಿಂದ ಬರತೊಡಗಿತು. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿ ರಫ್ತನ್ನೇ ನಿಲ್ಲಿಸಿದಾಗ ವ್ಯಾಪಾರಿಗಳು ಬೇರೆ ದೇಶ ನೋಡಿಕೊಂಡರು. ಬಂದರಿನಲ್ಲಿ ಸಸ್ಯರೋಗದ ಸರ್ಟಿಫಿಕೇಟು ಕೇಳುತ್ತಾರೆ, ಹುಳು ಬರಬಾರದೆಂದು ಔಷಧಿ ಹೊಗೆ ಹಾಕಿಸುತ್ತಾರೆ. ಹುಳುವಿನ ಮೇಲೆ ಇರುವ ಅನುಮಾನ ಕಳ್ಳನ ಮೇಲಿಲ್ಲ.

ಮರದ ವಿಷಯದಲ್ಲಿ ದಾರಿ ಕಂಡವರೂ ಇದ್ದಾರೆ. ಯುರೋಪು 2003ರಿಂದ ಒಂದೊಂದೇ ದೇಶದ ಜೊತೆ ಕುಳಿತು, "ನಿಮ್ಮ ಕಾನೂನಿನ ಪ್ರಕಾರ ಸಕ್ರಮ ಮರ ಯಾವುದು, ನೀವೇ ಹೇಳಿ, ನೀವೇ ಲೈಸೆನ್ಸ್ ಕೊಡಿ" ಎಂಬ ಪದ್ಧತಿ ತಂದಿತು. ಇಂಡೋನೇಷ್ಯಾ 2016ರ ನವೆಂಬರ್‌ನಲ್ಲಿ ಅಂಥ ಲೈಸೆನ್ಸ್ ಕೊಟ್ಟ ಮೊದಲ ದೇಶವಾಯಿತು. ಹದಿಮೂರು ವರ್ಷ ಹಿಡಿಯಿತು, ಹೌದು. ಆದರೆ ಅಲ್ಲಿಯ ಸರ್ಕಾರವೇ ಕೂತು ಬರೆದ ನಿಯಮವಾದ್ದರಿಂದ ಅದು ಹೊರಗಿನವರ ಹುಕುಂ ಅನ್ನಿಸಲಿಲ್ಲ. ನಮ್ಮ ಕೊರಟಗೆರೆ ಮೇಷ್ಟ್ರ ಸಿಟ್ಟಿಗೆ ಇಲ್ಲಿ ಅರ್ಧ ಉತ್ತರವಿದೆ. ನಿಮಗೆ ನನ್ನ ಸಲಹೆ ಇಷ್ಟೇ: ರೈತರ ಜಮೀನಿನಲ್ಲಿ ಬೆಳೆದ ಬೇವು, ಹಲಸು, ಸಿಲ್ವರ್ ಓಕ್‌ಗೂ ಡಿಪೋದಲ್ಲಿ ಒಂದು ಮೂಲೆ ಕೊಡಿ.

ಪ್ರ: ಹಾಗಾದರೆ ನಾವೆಲ್ಲ ಪಾಮೋಲಿನ್ ಬಿಟ್ಟು ಗಾಣದ ಕಡಲೆಕಾಯಿ ಎಣ್ಣೆಗೆ ವಾಪಸ್ ಹೋದರೆ ಆಯಿತಲ್ಲ?
— ಗೃಹಿಣಿ, ಗುಬ್ಬಿ

ಉ: ನೀವು ಹೋಗಿ, ರುಚಿಯಾಗಿರುತ್ತದೆ. ದೇಶವೆಲ್ಲ ಹೋಗಲಾಗದು. ಒಂದು ಹೆಕ್ಟೇರ್ ತಾಳೆ ತೋಟ ವರ್ಷಕ್ಕೆ 3–4 ಟನ್ ಎಣ್ಣೆ ಕೊಡುತ್ತದೆ. ಸೋಯಾ ಅರ್ಧ ಟನ್ ಮುಟ್ಟುವುದಿಲ್ಲ. ನಮ್ಮ ಮಳೆಯಾಶ್ರಯದ ಕಡಲೆಕಾಯಿಯೂ ಅಷ್ಟರಲ್ಲೇ. ತಾಳೆಯ ಜಾಗಕ್ಕೆ ಬೇರೆ ಎಣ್ಣೆ ಬರಬೇಕೆಂದರೆ ಹಲವು ಪಟ್ಟು ನೆಲ ಬೇಕು, ಆ ನೆಲ ಬ್ರೆಜಿಲ್‌ನ ಸವನ್ನಾ ಬಯಲಿನಿಂದ ಬಂದರೂ ಬಂದೀತು. ದ್ವೇಷಿಸಬೇಕಾದ್ದು ತಾಳೆ ಮರವನ್ನಲ್ಲ, ಅದನ್ನು ನೆಟ್ಟ ಜಾಗವನ್ನು. ಅಂದಹಾಗೆ ಅಂಗಡಿಯಲ್ಲಿ ಪ್ಯಾಕೆಟ್ಟಿನ ಹಿಂಭಾಗ ಓದಿ: ಮಿಶ್ರ ಖಾದ್ಯತೈಲ ಎಂದಿದ್ದರೆ ಯಾವ ಎಣ್ಣೆ ಎಷ್ಟು ಪಾಲು ಎಂದು ಬರೆದಿರಬೇಕು. ಕಡಲೆಕಾಯಿಯ ಚಿತ್ರ ದೊಡ್ಡದಾಗಿದ್ದಷ್ಟೂ ಹಿಂದಿನ ಅಕ್ಷರ ಸಣ್ಣದಾಗಿರುತ್ತದೆ ಎಂಬುದು ನನ್ನ ಅನುಭವ.

ಪ್ರ: ಸರ್ಕಾರ ತಾಳೆ ಬೆಳೆಯೋಕೆ ಸಬ್ಸಿಡಿ ಕೊಡ್ತಾ ಇದೆಯಂತೆ. ಹೊರಗಿಂದ ತರಿಸೋದು ತಪ್ಪುತ್ತೆ ಅಂತಾರೆ. ಮೂರು ಎಕರೆ ಇದೆ, ಬೋರ್‌ವೆಲ್ ಇದೆ. ಹಾಕಲಾ?
— ರೈತ, ಪಾವಗಡ

ಉ: ಬೇಡಪ್ಪ. 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಯ ಯೋಜನೆ ಮಂಜೂರಾಗಿದ್ದು ನಿಜ, ಗಿಡಕ್ಕೂ ಸಹಾಯಧನವಿದೆ, ಬೆಲೆ ಕುಸಿದರೆ ತುಂಬಿಕೊಡುವ ಮಾತೂ ಇದೆ. ಆದರೆ ತಾಳೆಗೆ ಬೇಸಿಗೆಯಲ್ಲಿ ದಿನಕ್ಕೆ ಗಿಡವೊಂದಕ್ಕೆ ಇನ್ನೂರು ಲೀಟರಿನ ಆಸುಪಾಸು ನೀರು ಬೇಕು, ಫಸಲಿಗೆ ನಾಲ್ಕು ವರ್ಷ ಕಾಯಬೇಕು, ಹತ್ತಿರದಲ್ಲೇ ಗಿರಣಿ ಬೇಕು. ಪಾವಗಡದ ಬೋರ್‌ವೆಲ್ ನಾಲ್ಕು ವರ್ಷದ ಮಾತು ಕೊಡುತ್ತದೆಯೇ? ಆ ಯೋಜನೆ ಈಶಾನ್ಯ ರಾಜ್ಯಗಳನ್ನೂ ಅಂಡಮಾನನ್ನೂ ಮುಖ್ಯವಾಗಿ ನೋಡುತ್ತಿದೆ, ನನಗೆ ಅದೇ ಸಂಕಟ. ನಮ್ಮ ಕಾಡು ಹೆಚ್ಚು ಉಳಿದಿರುವುದೇ ಅಲ್ಲಿ. ಹೊರಗಿನ ಕಾಡಿನ ಮೇಲಿನ ಹೊರೆ ಇಳಿಸಲು ಹೋಗಿ ಒಳಗಿನ ಕಾಡಿನ ಮೇಲೆ ಹೇರಿದಂತಾಗಬಾರದು.

ಪ್ರ: ನೀವು ಹೇಳುವುದನ್ನೆಲ್ಲ ಓದಿದರೆ ಯಾವ ಸರ್ಕಾರದ ಯಾವ ನೀತಿಯೂ ಫಲಿಸುವುದಿಲ್ಲ ಅನ್ನಿಸುತ್ತದೆ. ಎಲ್ಲಾದರೂ ಒಂದು ಕಡೆ ಕೆಲಸ ಮಾಡಿದ್ದು ಉಂಟೇ?
— ಹೈಸ್ಕೂಲು ಶಿಕ್ಷಕಿ, ಕುಣಿಗಲ್

ಉ: ಉಂಟು ಟೀಚರ್, ಅದೂ ಬಡಾಯಿಯಿಲ್ಲದೆ ಲೆಕ್ಕ ಸಮೇತ. ಬ್ರೆಜಿಲ್ ತನ್ನ ಅಮೆಜಾನ್‌ನಲ್ಲಿ 2004ರಲ್ಲಿ ಕಳೆದುಕೊಂಡ ಕಾಡು 27,772 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆಯ ಎರಡೂವರೆ ಪಟ್ಟಿನಷ್ಟು ಕಾಡು, ಒಂದೇ ವರ್ಷದಲ್ಲಿ. 2012ರಲ್ಲಿ ಅದು 4,571ಕ್ಕೆ ಇಳಿದಿತ್ತು. ಏನು ಮಾಡಿದರು? ವರ್ಷಕ್ಕೊಮ್ಮೆ ನೋಡುತ್ತಿದ್ದ ಉಪಗ್ರಹದ ಲೆಕ್ಕದ ಜೊತೆಗೆ ಕೆಲವೇ ದಿನದೊಳಗೆ ಎಚ್ಚರಿಸುವ ವ್ಯವಸ್ಥೆ ತಂದರು, ಗರಗಸ ಇನ್ನೂ ಓಡುತ್ತಿರುವಾಗಲೇ ಅಧಿಕಾರಿ ತಲುಪುವಂತೆ. ಅತಿ ಹೆಚ್ಚು ಕಡಿಯುವ ಮೂವತ್ತಾರು ಸ್ಥಳೀಯ ಆಡಳಿತಗಳ ಹೆಸರು ಬರೆದು ಬಹಿರಂಗ ಮಾಡಿದರು. ಎಲ್ಲಕ್ಕಿಂತ ಚುರುಕು ಮುಟ್ಟಿಸಿದ್ದು 2008ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಹೊರಡಿಸಿದ ನಿಯಮವೆಂದು ನನ್ನ ಅಂದಾಜು: ಜಮೀನಿನ ಕಾಗದ, ಪರಿಸರ ಕಾನೂನು ಪಾಲಿಸಿದ ಪುರಾವೆ ಇಲ್ಲದವನಿಗೆ ಕೃಷಿ ಸಾಲವಿಲ್ಲ. ದಂಡ ಕಟ್ಟದೆ ಕೋರ್ಟಿನಲ್ಲಿ ಎಳೆದಾಡಬಹುದು, ಬಿತ್ತನೆಯ ಹೊತ್ತಿಗೆ ಸಾಲ ಸಿಗದಿದ್ದರೆ ಏನು ಮಾಡುತ್ತಾನೆ?

ಕೊಳ್ಳುವವರ ಕಡೆಯಿಂದಲೂ ಒಂದು ಕೈ ಸೇರಿತು. ಯುರೋಪಿನ ಗ್ರಾಹಕರ ಒತ್ತಡಕ್ಕೆ ದೊಡ್ಡ ಸೋಯಾ ವ್ಯಾಪಾರಿಗಳು 2006ರಲ್ಲಿ, ಅಮೆಜಾನ್‌ನಲ್ಲಿ ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು ಒಪ್ಪಿದರು. ಅದಕ್ಕೆ ಹಿಂದಿನ ಎರಡು ವರ್ಷ ಅಲ್ಲಿ ಸೋಯಾ ಹಬ್ಬಿದ ನೆಲದಲ್ಲಿ ಸುಮಾರು ಶೇಕಡಾ 30 ಆಗಷ್ಟೇ ಕಡಿದ ಕಾಡು. 2014ರ ಹೊತ್ತಿಗೆ ಅದು ಶೇಕಡಾ 1ರ ಸುತ್ತ. ವ್ಯಾಪಾರಿಗಳ ಒಪ್ಪಂದ, ಸರ್ಕಾರದ ಉಪಗ್ರಹ, ಬ್ಯಾಂಕಿನ ಬಾಗಿಲು ಮೂರೂ ಒಟ್ಟಿಗೆ ಇದ್ದದ್ದರಿಂದ ಆಯಿತು.

ಮುಂದಿನದ್ದೂ ಹೇಳಬೇಕು, ಮಕ್ಕಳಿಗೆ ಅರ್ಧ ಕಥೆ ಹೇಳಬಾರದು. ಸರ್ಕಾರ ಬದಲಾಯಿತು, ಅಧಿಕಾರಿಗಳ ಕೈ ಕಟ್ಟಿತು, 2021ರಲ್ಲಿ ಕಡಿತ ಮತ್ತೆ 13,000 ಚದರ ಕಿಲೋಮೀಟರ್ ದಾಟಿತು. ಸರ್ಕಾರ ಮತ್ತೆ ಬದಲಾಯಿತು, ಮತ್ತೆ ಇಳಿಯಿತು. ಸೋಯಾ ಒಪ್ಪಂದವೂ ಈಚೆಗೆ ಅಲ್ಲಿನ ಬೆಳೆಗಾರರ ಲಾಬಿಯ ಒತ್ತಡಕ್ಕೆ ಸಿಕ್ಕಿದೆ. ಇನ್ನೂ ಒಂದು ಮಿತಿಯನ್ನು ಆಮದು ನೀತಿಯ ಭಕ್ತರು ಮರೆಯುತ್ತಾರೆ: ಉಷ್ಣವಲಯದಲ್ಲಿ ಕೃಷಿಗಾಗಿ ಹೋಗುವ ಕಾಡಿನಲ್ಲಿ ರಫ್ತಿನ ಪಾಲು ಸುಮಾರು ಕಾಲುಭಾಗ. ಉಳಿದದ್ದು ಆಯಾ ದೇಶದವರೇ ತಿನ್ನುವುದಕ್ಕೆ. ಬ್ರೆಜಿಲ್‌ನ ದನದ ಮಾಂಸದಲ್ಲಿ ಬಹುಪಾಲು ಬ್ರೆಜಿಲ್‌ನಲ್ಲೇ ಖರ್ಚಾಗುತ್ತದೆ. ಯುರೋಪು ಎಷ್ಟೇ ಬಿಗಿ ಮಾಡಿದರೂ ಸಾವೊ ಪಾಲೊದ ಊಟದ ತಟ್ಟೆ ಅದರ ಕೈಗೆ ಸಿಗುವುದಿಲ್ಲ.

ಪ್ರ: ನೀವೇ ವಾಣಿಜ್ಯ ಮಂತ್ರಿಯಾದರೆ ಮೊದಲು ಏನು ಮಾಡುತ್ತೀರಿ?
— ಒಬ್ಬ ಓದುಗ, ತುರುವೇಕೆರೆ

ಉ: ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದುದಾರ ಕಸ್ಟಮ್ಸ್‌ಗೆ ಕೊಡುವ ದಾಖಲೆಯಲ್ಲಿ, ಒಂದು ಕಾಲಂ ಸೇರಿಸುತ್ತೇನೆ: "ಗಿರಣಿಯ ಹೆಸರು". ಜಮೀನಿನ ಅಕ್ಷಾಂಶ ಬೇಡ, ಸಣ್ಣ ರೈತನನ್ನು ಈಗಲೇ ಗೋಳು ಹೊಯ್ದುಕೊಳ್ಳುವುದು ಬೇಡ. ಗೊನೆ ಬೇಗ ಗಿರಣಿ ಸೇರಲೇಬೇಕಾದ್ದರಿಂದ ಗಿರಣಿ ಯಾವುದೆಂದು ಗೊತ್ತಾದರೆ ಸಾಕು. ಅದರ ಸುತ್ತ ಲಾರಿ ಒಂದು ದಿನ ಓಡುವಷ್ಟು ದೂರಕ್ಕೆ ವೃತ್ತ ಎಳೆದು, ಉಪಗ್ರಹದಲ್ಲಿ ಕಾಡು ಕರಗುತ್ತಿದೆಯೇ ನೋಡಬಹುದು. ಯುರೋಪಿಗೆ ಮಾರುವ ದೊಡ್ಡ ಕಂಪನಿಗಳ ಬಳಿ ಈ ಗಿರಣಿ ಪಟ್ಟಿ ಈಗಾಗಲೇ ಇದೆ. ನಮಗೆ ಕೊಡುವುದಿಲ್ಲ ಎನ್ನಲು ಅವರಿಗೆ ಕಾರಣವಿಲ್ಲ, ನಾವು ಕೇಳಿಲ್ಲ ಅಷ್ಟೇ. ಎರಡನೇ ವರ್ಷ ಒಳ್ಳೆಯ ಪಟ್ಟಿ ಕೊಟ್ಟು ಬೇರೆ ಟ್ಯಾಂಕಿನಲ್ಲಿ ತಂದವನಿಗೆ ಸುಂಕದಲ್ಲಿ ಸ್ವಲ್ಪ ಬಿಡುತ್ತೇನೆ. ಬೋಂಡಾ ಅಂಗಡಿಯವರಿಗೆ ಬೆಲೆ ಏರುವುದಿಲ್ಲ.

ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು. 2020ರ ಸೆಪ್ಟೆಂಬರ್‌ನಿಂದ, ದೇಶಗಳ ನಡುವಿನ ವ್ಯಾಪಾರ ಒಪ್ಪಂದದ ಕಡಿಮೆ ಸುಂಕ ಕೇಳುವ ಆಮದುದಾರ ಸರಕು ನಿಜವಾಗಿ ಆ ದೇಶದ್ದೇ ಎಂಬ ಮಾಹಿತಿ ಇಟ್ಟುಕೊಂಡಿರಬೇಕೆಂದು ನಮ್ಮ ಕಸ್ಟಮ್ಸ್ ನಿಯಮ ಹೇಳುತ್ತದೆ. ಅದೇ ವರ್ಷದ ಜನವರಿಯಲ್ಲಿ ರಿಫೈನ್ಡ್ ತಾಳೆ ಎಣ್ಣೆಯ ಆಮದನ್ನು ರಾತ್ರೋರಾತ್ರಿ ನಿರ್ಬಂಧಿತ ಪಟ್ಟಿಗೆ ಹಾಕಿದ್ದನ್ನೂ ನೋಡಿದ್ದೇವೆ. ಬೇಕೆಂದಾಗ ಕೇಳಲು ನಮಗೆ ಬರುತ್ತದೆ.

ಪ್ರ: ನಮ್ಮ ಅಳಿಯಂದಿರದು ಸಕಲೇಶಪುರದ ಹತ್ತಿರ ಎಂಟು ಎಕರೆ ಕಾಫಿ ತೋಟ. ಈ ಯುರೋಪಿನ ಕಾನೂನಿಂದ ಅವರಿಗೆ ತೊಂದರೆಯೇ? ಮಗಳು ಗಾಬರಿಯಾಗಿದ್ದಾಳೆ.
— ತಾಯಿ, ಚಿಕ್ಕನಾಯಕನಹಳ್ಳಿ

ಉ: ಗಾಬರಿ ಬೇಡಮ್ಮ, ಕಾಗದ ಸರಿಯಾಗಿಟ್ಟುಕೊಳ್ಳಲು ಹೇಳಿ. ಭಾರತದ ಕಾಫಿಯ ದೊಡ್ಡ ಗಿರಾಕಿ ಯುರೋಪೇ, ಅದರಲ್ಲೂ ಇಟಲಿ. ಹಾಗಾಗಿ ಅಳಿಯಂದಿರು ನೇರ ರಫ್ತು ಮಾಡದಿದ್ದರೂ ಕೊಳ್ಳುವ ಕ್ಯೂರಿಂಗ್ ವರ್ಕ್ಸ್‌ನವರು (ಕಾಫಿ ಬೀಜ ಸಂಸ್ಕರಿಸುವವರು) ಕೇಳಿಯೇ ಕೇಳುತ್ತಾರೆ. ಎಂಟು ಎಕರೆ ಎಂದರೆ ನಾಲ್ಕು ಹೆಕ್ಟೇರಿಗಿಂತ ಕಡಿಮೆ, ಒಂದು ಚುಕ್ಕಿ ಸಾಕು. ಕಾಫಿ ಬೋರ್ಡ್ ಬೆಳೆಗಾರರ ನೋಂದಣಿ ನಡೆಸುತ್ತಿದೆ, ಪಹಣಿ ತೆಗೆದುಕೊಂಡು ಹತ್ತಿರದ ಲಯಾಸನ್ ಕಚೇರಿಗೆ ಹೋಗಲಿ. ನೆರಳಿನ ಮರಗಳ ಕೆಳಗಿನ ತೋಟ ಉಪಗ್ರಹದಲ್ಲಿ ಕಾಡಿನಂತೆ ಕಾಣುತ್ತದೆ, ಅದರಲ್ಲಿ ನೆರಳಿನ ಮರದ ಕೊಂಬೆ ಸವರಿದರೆ, ಹಳೆಗಿಡ ಕಿತ್ತು ಹೊಸದು ನೆಟ್ಟರೆ ಕಾಡು ಕಡಿದಂತೆ ತೋರಬಹುದು. ಕಾನೂನಿನ ಪ್ರಕಾರ ತೋಟ ತೋಟವೇ, ಕಾಡಲ್ಲ. ಆದರೂ 2020ರ ಡಿಸೆಂಬರ್ 31ಕ್ಕೆ ಹಿಂದಿನಿಂದ ತೋಟವಿತ್ತೆಂದು ತೋರಿಸುವ ಪಹಣಿ, ಹಳೆಯ ಮಾರಾಟದ ರಸೀದಿ ಒಂದು ಫೈಲಿನಲ್ಲಿರಲಿ. ಆ ದಿನಾಂಕದ ನಂತರ ಪಕ್ಕದ ಕಾಡಂಚು ಬೋಳಿಸಿ ತೋಟಕ್ಕೆ ಸೇರಿಸಿದ್ದೇನಾದರೂ ಇದ್ದರೆ, ಆ ತುಂಡಿನ ಕಾಫಿಯನ್ನು ಬೇರೆ ಕಣದಲ್ಲಿ ಒಣಗಿಸಿ ಬೇರೆ ಚೀಲಕ್ಕೆ ಹಾಕಿ ಇಲ್ಲಿಯ ವ್ಯಾಪಾರಕ್ಕೆ ಕೊಡಲಿ. ಒಂದು ಚೀಲ ಕಲೆತರೂ ಆ ಇಡೀ ಲಾಟನ್ನು ಯುರೋಪಿನವರು ತೆಗೆದುಕೊಳ್ಳುವುದಿಲ್ಲ.